ನಾಗವಲ್ಲಿ ಹೋದ ಮರುದಿನ

ನಮ್ಮ ಸಿನಿಮಾಗಳಲ್ಲಿ ನೆನಪು ಹೋಗುವುದಕ್ಕೆ ಹೆಚ್ಚು ಕಷ್ಟಪಡಬೇಕಿಲ್ಲ. ನಾಯಕಿ ಮೆಟ್ಟಿಲಿನಿಂದ ಉರುಳಿದರೆ ಸಾಕು, ತಾಯಿತಂದೆ, ಗಂಡ, ಊರು ಎಲ್ಲವೂ ಮರೆತುಹೋಗುತ್ತದೆ. ಎರಡು ತಾಸು ಕಳೆದ ಮೇಲೆ ಇನ್ನೊಂದು ಪೆಟ್ಟು ಬಿದ್ದರೆ ಹೋದದ್ದೆಲ್ಲ ಪೈಸೆಯೂ ಕಡಿಮೆಯಾಗದೆ ಮರಳಿ ಬರುತ್ತದೆ. ನಿಜವಾಗಿ ತಲೆಗೆ ಪೆಟ್ಟಾದವರು ಸಾಮಾನ್ಯವಾಗಿ ಮರೆಯುವುದು ಆ ಪೆಟ್ಟಿನ ಹಿಂದುಮುಂದಿನ ಹೊತ್ತನ್ನು. ಹೊಸದಾಗಿ ಕಲಿತದ್ದನ್ನು ನೆನಪಿಡುವುದು ಅವರಿಗೆ ಕಷ್ಟವಾಗಬಹುದು. ತನ್ನ ಹೆಸರನ್ನೇ ಮರೆತು, ಆದರೆ ರೊಟ್ಟಿ ಬಡಿಯುವುದನ್ನೂ ಓದುಬರಹವನ್ನೂ ಮರೆಯದೆ ಇರುವವರ ಮರೆವು ಬಹಳ ಮಾಡಿ ಬೇರೆ ಜಾತಿಯದು. ಅಲ್ಲಿ ಪೆಟ್ಟು ಬಿದ್ದಿರುವುದು ತಲೆಬುರುಡೆಗಲ್ಲ.

ಈ ಎರಡನೆಯ ಜಾತಿಯ ಮರೆವನ್ನು ಮುಖ್ಯ ವಸ್ತುವಾಗಿ ಇಟ್ಟುಕೊಂಡು ಕನ್ನಡದ ಮನೆಮನೆಗೂ ಮುಟ್ಟಿದ ಚಿತ್ರವೆಂದರೆ 'ಆಪ್ತಮಿತ್ರ'. ದ್ವಾರಕೀಶ್ ನಿರ್ಮಿಸಿ ಪಿ. ವಾಸು ನಿರ್ದೇಶಿಸಿದ ಈ ಚಿತ್ರ 2004ರ ಆಗಸ್ಟಿನಲ್ಲಿ ತೆರೆಕಂಡಿತು. ಗಂಗೆಯಾಗಿ ನಟಿಸಿದ ಸೌಂದರ್ಯ ಅದೇ ವರ್ಷದ ಏಪ್ರಿಲಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಸತ್ತ ಹೆಣ್ಣುಮಗಳೊಬ್ಬಳು ಪರದೆಯ ಮೇಲೆ ಇನ್ನೊಬ್ಬ ಸತ್ತ ಹೆಣ್ಣುಮಗಳಾಗಿ ಕುಣಿಯುವುದನ್ನು ನೋಡಲು ಜನ ಮುಗಿಬಿದ್ದರು. ನಾನು ನೋಡಿದ್ದು ಬೆಳಗಾವಿಯಲ್ಲಿ, ಶಿಕ್ಷಕರ ತರಬೇತಿಗೆ ಹೋದಾಗ, ನಾಲ್ವರು ಸಹೋದ್ಯೋಗಿಗಳ ಜೊತೆ. ಆಮೇಲೆ ಟೀವಿಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕತೆ ಓದುಗರಿಗೆ ಗೊತ್ತೇ ಇದೆ. ರಮೇಶ್, ಗಂಗಾ ಹಳೆಯ ಅರಮನೆಯೊಂದನ್ನು ಕೊಳ್ಳುತ್ತಾರೆ. ಬೀಗ ಹಾಕಿದ ಕೋಣೆಯನ್ನು ಗಂಗಾ ತೆಗೆಸುತ್ತಾಳೆ. ರಾಜನೊಬ್ಬನ ಕ್ರೌರ್ಯಕ್ಕೆ ಬಲಿಯಾದ ನಾಗವಲ್ಲಿ ಎಂಬ ನರ್ತಕಿಯ ಕತೆ ಅವಳ ಮನಸ್ಸನ್ನು ಹೊಕ್ಕು, ಅವಳೇ ನಾಗವಲ್ಲಿಯಾಗುತ್ತಾಳೆ. ವಿಷ್ಣುವರ್ಧನ್ ಮಾಡಿದ ಮನೋವೈದ್ಯ ವಿಜಯ್ ಅದನ್ನು ಕಂಡುಹಿಡಿದು ಬಿಡಿಸುತ್ತಾನೆ.

ಈ ಚಿತ್ರದ ಉಪಕಾರವನ್ನು ಮೊದಲು ಹೇಳಬೇಕು. ನಮ್ಮ ಕಡೆ ಒಬ್ಬ ಹೆಣ್ಣುಮಗಳು ಇದ್ದಕ್ಕಿದ್ದಂತೆ ಬೇರೆ ದನಿಯಲ್ಲಿ ಮಾತಾಡಿದರೆ ಅದನ್ನು ಇಡುವುದಕ್ಕೆ ಎರಡೇ ಗೂಡುಗಳಿದ್ದವು. ಒಂದು, ದೇವರು ಅಥವಾ ದೆವ್ವ. ಇನ್ನೊಂದು, ಸೋಗು. ಮೂರನೆಯದೊಂದು ಇದೆ, ಅದು ಕಾಯಿಲೆ, ಅದರಲ್ಲಿ ಅವಳ ತಪ್ಪೂ ಇಲ್ಲ, ಭೂತವೂ ಇಲ್ಲ ಎಂದು ಲಕ್ಷಾಂತರ ಜನರಿಗೆ ವಿಷ್ಣುವರ್ಧನರ ಬಾಯಿಂದ ಹೇಳಿಸಿದ್ದು ಸಣ್ಣ ಕೆಲಸವಲ್ಲ. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು ಇದನ್ನೇ ಹೇಳುತ್ತ ಬಂದಿದ್ದರು. ಆದರೆ ಪುಸ್ತಕ ಓದುವ ಮನೆಗಳೆಷ್ಟು, ಸಿನಿಮಾ ನೋಡುವ ಮನೆಗಳೆಷ್ಟು!

ಹೇಳಿದ್ದನ್ನು ಚಿತ್ರ ತಾನೇ ನಂಬುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಕಾಯಿಲೆ ಎಂದ ಮೇಲೂ ಆ ದೊಡ್ಡ ಹಾವು ಅರಮನೆಯಲ್ಲಿ ಹರಿದಾಡುತ್ತಲೇ ಇರುತ್ತದೆ. ಅದಕ್ಕೆ ಕತೆಯಲ್ಲಿ ಏನು ಕೆಲಸ ಎಂದು ನನಗೆ ಈವರೆಗೂ ತಿಳಿದಿಲ್ಲ. ದೆವ್ವದ ನಂಬಿಕೆ ಇರುವವರಿಗೂ ಟಿಕೀಟಿನ ದುಡ್ಡು ಹುಟ್ಟಲಿ ಎಂದು ಬಿಟ್ಟಿರಬೇಕು.

ಫ್ರಾನ್ಸಿನ ವೈದ್ಯ ಪಿಯರ್ ಜಾನೆ 19ನೆಯ ಶತಮಾನದ ಕೊನೆಗೆ ಇಂಥ ರೋಗಿಗಳನ್ನು ವರ್ಷಗಟ್ಟಲೆ ನೋಡಿ ಬರೆದದ್ದು ಇಂದಿಗೂ ಈ ವಿಷಯದ ತಳಪಾಯ. ನಾವು 'ನಾನು' ಎನ್ನುವುದು ಒಂದೇ ಕಲ್ಲಿನ ಕಂಬವಲ್ಲ. ನೆನಪು, ಭಾವನೆ, ಮೈಯ ಅರಿವು, ಹೆಸರು ಇವೆಲ್ಲ ಸೇರಿ ಹೆಣೆದ ಚಾಪೆ. ತಾಳಲಾರದ್ದು ಬಂದಾಗ ಹೆಣಿಗೆ ಒಂದು ಕಡೆ ಬಿಚ್ಚಿಕೊಳ್ಳುತ್ತದೆ. ಡಾಕ್ಟರರು ಇದನ್ನು ಡಿಸೋಸಿಯೇಶನ್ ಎನ್ನುತ್ತಾರೆ. ಸಣ್ಣ ಪ್ರಮಾಣದಲ್ಲಿ ಇದು ನಮಗೆಲ್ಲ ಗೊತ್ತಿರುವುದೇ. ಬಸ್ಸಿನಲ್ಲಿ ಕುಳಿತು ಯಾವುದೋ ವಿಚಾರದಲ್ಲಿ ರಾಯಬಾಗ ದಾಟಿದ್ದೇ ಗೊತ್ತಾಗುವುದಿಲ್ಲ. ಮನೆಯಲ್ಲಿ ಸಾವಾದ ದಿನ ಯಾರು ಬಂದರು, ಯಾರು ನೀರು ಕೊಟ್ಟರು ಎಂಬುದು ನೆನಪಿರುವುದಿಲ್ಲ. ದೊಡ್ಡ ಪ್ರಮಾಣದಲ್ಲಿ ಆದಾಗ ಒಬ್ಬರಿಗೆ ಬದುಕಿನ ಒಂದು ತುಂಡೇ ಮರೆಯುತ್ತದೆ. ಇನ್ನೊಬ್ಬರಿಗೆ ತನ್ನ ಕೈ ತನ್ನದಲ್ಲ, ತಾನು ತನ್ನನ್ನೇ ದೂರದಿಂದ ನೋಡುತ್ತಿದ್ದೇನೆ ಎನ್ನಿಸುತ್ತದೆ. ಕೆಲವರು ಮನೆ ಬಿಟ್ಟು ಹೊರಟು ಬೇರೆ ಊರಿನಲ್ಲಿ ಎಚ್ಚರಗೊಳ್ಳುತ್ತಾರೆ. ಬಹಳ ಅಪರೂಪಕ್ಕೆ, ಹೆಚ್ಚಾಗಿ ಎಳೆತನದಲ್ಲಿ ಹಿಂಸೆ ಉಂಡವರಲ್ಲಿ, ಒಂದು ಮೈಯಲ್ಲಿ ಎರಡು ಮೂರು 'ನಾನು'ಗಳು ಸರದಿಯಂತೆ ಬಂದುಹೋಗುತ್ತವೆ. ಇದನ್ನು ಸ್ಕಿಜೋಫ್ರೇನಿಯಾದ ಜೊತೆ ಕಲಸಿ ಮಾತಾಡುವುದು ಓದಿದವರಲ್ಲೂ ಉಂಟು. ಎರಡೂ ಬೇರೆ ಬೇರೆ. ಇಲ್ಲಿ ನೆನಪು ನಾಶವಾಗಿರುವುದಿಲ್ಲ. ಬಾಗಿಲು ಹಾಕಿಕೊಂಡಿರುತ್ತದೆ, ಅಷ್ಟೆ.

ಬಿಚ್ಚಿಕೊಂಡ ಮನಸ್ಸು ಯಾವ ವೇಷ ತೊಡುತ್ತದೆ ಎಂಬುದನ್ನು ಆಯಾ ನಾಡು ತೀರ್ಮಾನಿಸುತ್ತದೆ. ಅಮೆರಿಕದಲ್ಲಿ 1973ರಲ್ಲಿ 'ಸಿಬಿಲ್' ಎಂಬ ಪುಸ್ತಕ ಬಂದು, ಅದು ಟೀವಿ ಚಿತ್ರವೂ ಆದ ಮೇಲೆ, ಹಲವು ವ್ಯಕ್ತಿತ್ವದ ರೋಗಿಗಳ ಸಂಖ್ಯೆ ಒಮ್ಮೆಲೇ ಏರಿತು. ವೈದ್ಯರೇ ಪ್ರಶ್ನೆ ಕೇಳಿ ಕೇಳಿ ಆ ವ್ಯಕ್ತಿಗಳನ್ನು ಹುಟ್ಟಿಸುತ್ತಿದ್ದಾರೆಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ನಿಮ್ಹಾನ್ಸಿನ ವೈದ್ಯರು ಹತ್ತು ವರ್ಷಗಳ ತಮ್ಮ ದಾಖಲೆಗಳನ್ನು ತೆಗೆದು ನೋಡಿದಾಗ ಕಂಡದ್ದು ಬೇರೆ ಚಿತ್ರ. ಕೈಕಾಲು ಸ್ವಾಧೀನ ತಪ್ಪಿದವರು, ಫಿಟ್ಸ್‌ನಂತೆ ಕಾಣುವ ಆದರೆ ಫಿಟ್ಸ್ ಅಲ್ಲದ ಸೆಳೆತ ಬರುವವರು, ಇವರೇ ಹೆಚ್ಚು. ಜೊತೆಗೆ ಮೈಮೇಲೆ ಬರುವವರು. ನಾಗವಲ್ಲಿಯಂಥವರು ಸಿನಿಮಾದಲ್ಲಿ ಸಿಗುವಷ್ಟು ಸುಲಭವಾಗಿ ಆಸ್ಪತ್ರೆಯಲ್ಲಿ ಸಿಗುವುದಿಲ್ಲ.

ಇಲ್ಲವೇ ಇಲ್ಲ ಎಂದಲ್ಲ. 1974ರಲ್ಲಿ ನಾಗಪುರದ ಒಬ್ಬ ಮರಾಠಿ ಮಹಿಳೆ, ಕಾಲೇಜು ವಿದ್ಯೆ ಕಲಿತವರು, ಇದ್ದಕ್ಕಿದ್ದಂತೆ ಬಂಗಾಲಿ ಗೃಹಿಣಿಯಾಗಿ ಬದಲಾಗಿ ಬಂಗಾಲಿಯಲ್ಲೇ ಮಾತಾಡತೊಡಗಿದರು. ಮನೆಯವರ ಮರಾಠಿ ಆಗ ಅವರಿಗೆ ತಿಳಿಯುತ್ತಿರಲಿಲ್ಲ. ಕೆಲವು ದಿನಗಳ ಮೇಲೆ ಮತ್ತೆ ತಾವಾಗುತ್ತಿದ್ದರು. ನಿಮ್ಹಾನ್ಸಿನ ಸತ್ವಂತ್ ಪಸ್ರೀಚಾ ಮತ್ತು ಅಮೆರಿಕದ ಇಯಾನ್ ಸ್ಟೀವನ್ಸನ್ ಇದನ್ನು ಅಭ್ಯಾಸ ಮಾಡಿ 1979ರಲ್ಲಿ ಬರೆದರು. ಅದು ಪೂರ್ವಜನ್ಮವೋ, ಆಕೆ ಮೊದಲೇ ಅಷ್ಟಿಷ್ಟು ಕಲಿತಿದ್ದ ಬಂಗಾಲಿಯೋ ಎಂಬ ವಾದ ನಡೆಯಿತು. ಕನ್ನಡದ ಗಂಗೆ ತೆಲುಗಿನಲ್ಲಿ ಹಾಡಿದಾಗ ನನಗೆ ನೆನಪಾದದ್ದು ಈ ಪ್ರಕರಣ. ನಮ್ಮ ತಾಲೂಕಿನ ಚಿಂಚಲಿಯ ಮಾಯಕ್ಕ ಮಾತ್ರ ಈ ವಿಷಯದಲ್ಲಿ ಬಲು ಉದಾರಿ. ಕನ್ನಡದವರ ಮೈಯಲ್ಲಿ ಬಂದರೆ ಕನ್ನಡ, ಮರಾಠಿಯವರ ಮೈಯಲ್ಲಿ ಬಂದರೆ ಮರಾಠಿ. ಗಡಿ ತಂಟೆ ಅವಳಿಗಿಲ್ಲ.

ಭಾರತ ಹುಣ್ಣಿಮೆಯ ಜಾತ್ರೆಗೆ ಚಿಂಚಲಿಗೆ ಹೋದವರಿಗೆ ಮೈದುಂಬುವುದು ಹೊಸದೇನಲ್ಲ. ಭಂಡಾರದ ಹಳದಿಯಲ್ಲಿ ಮುಳುಗಿದ ಹೆಂಗಸರು ತಲೆಗೂದಲು ಬಿಚ್ಚಿ ತೂಗುತ್ತಾರೆ, ಕೂಗುತ್ತಾರೆ. ಹೊತ್ತು ಮುಳುಗುವಷ್ಟರಲ್ಲಿ ಸೆರಗು ಸರಿಮಾಡಿಕೊಂಡು ಮಕ್ಕಳಿಗೆ ಬುತ್ತಿ ಬಿಚ್ಚುತ್ತಾರೆ. ಇದನ್ನು ಕಾಯಿಲೆ ಎನ್ನುವ ಆತುರ ನನಗಿಲ್ಲ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಹಾಗೆ ಅನ್ನುವುದಿಲ್ಲ. ತಮ್ಮ ಸಮುದಾಯ ಒಪ್ಪಿದ ಆಚರಣೆಯೊಳಗೆ ಬಂದು, ಅಲ್ಲೇ ಮುಗಿದರೆ ಅದು ರೋಗವಲ್ಲ. ಬೇಡವೆಂದರೂ ಬಂದು, ಬಾಳುವೆಯನ್ನು ಕೆಡಿಸಿ, ಆ ಮನುಷ್ಯನಿಗೆ ಸಂಕಟವಾದರೆ ಅದು ರೋಗ. ಜಾತ್ರೆಯಲ್ಲಿ ಬಂದ ದೇವಿಯನ್ನೂ ಒಂಬತ್ತನೇ ಇಯತ್ತೆಯ ಗಣಿತದ ತಾಸಿನಲ್ಲಿ ಬಂದ ದೇವಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗೆ ತರಗತಿಯಲ್ಲಿ ಬಂದದ್ದನ್ನು ನಾನು ಕಂಡಿದ್ದೇನೆ. 'ಆಪ್ತಮಿತ್ರ' ಬಂದ ಮರುವರ್ಷ. ಹುಡುಗಿ ಓದಿನಲ್ಲಿ ನಡುವಿನವಳು, ಮಾತು ಕಡಿಮೆ. ಒಂದು ದಿನ ಬೆಂಚಿನಿಂದ ಜಾರಿ ಬಿದ್ದು ಕೈಕಾಲು ಸೆಟೆದುಕೊಂಡಳು. ನೀರು ಚಿಮುಕಿಸಿದರೆ ಎದ್ದು ಕುಳಿತು ಮುದುಕಿಯ ದನಿಯಲ್ಲಿ ನನ್ನನ್ನು "ಏ ಮಗಳ" ಎಂದು ಕರೆದಳು. "ಈಕಿನ್ನ ಈಗ ಕೊಡಬ್ಯಾಡ್ರಿ, ನನ್ನ ಜಾತ್ರಿ ಮೂರು ದಾಟಲಿ" ಎಂದಳು. ಅರ್ಧ ತಾಸಿನ ಮೇಲೆ ಕಣ್ಣುಜ್ಜಿಕೊಂಡು, "ಅಕ್ಕೋರ, ನನಗ ಏನಾತ್ರಿ? ಯಾಕ ಎಲ್ಲಾರೂ ನಿಂತಾರ?" ಎಂದು ಕೇಳಿದಳು. ಆ ಅರ್ಧ ತಾಸು ಅವಳ ಪಾಲಿಗೆ ಇರಲೇ ಇಲ್ಲ.

ಅವಳ ಮದುವೆ ಸೋದರಮಾವನ ಜೊತೆ ಗೊತ್ತಾಗಿತ್ತು ಎಂಬುದು ಆಮೇಲೆ ತಿಳಿಯಿತು. ಅವನಿಗೂ ಅವಳಿಗೂ ಹದಿನಾರು ವರ್ಷದ ಅಂತರ. ಊರಿನವರು ಎರಡು ಪಂಗಡವಾದರು. ಒಂದು ಪಂಗಡ ಟೆಂಗಿನಕಾಯಿ ಹಿಡಿದುಕೊಂಡು ಬಂದಿತು. ಇನ್ನೊಂದು, ಮದುವಿ ತಪ್ಪಿಸಿಕೊಳ್ಳಾಕ ನಾಟಕ ಹೂಡ್ಯಾಳ ಎಂದಿತು. ಒಬ್ಬ ಖಾಸಗಿ ಡಾಕ್ಟರನೂ ಎರಡನೆಯ ಪಂಗಡಕ್ಕೆ ಸೇರಿ, ಎಚ್ಚರವಿದೆಯೋ ಇಲ್ಲವೋ ನೋಡಲು ಮೂಗಿಗೆ ಘಾಟು ಔಷಧ ಹಿಡಿದು, ತೋಳು ಚಿವುಟಿ, ಕಪ್ಪು ಕಲೆ ಮೂಡಿಸಿ ಕಳುಹಿಸಿದ. ನಮ್ಮ ಶಾಲೆಯ ಗಂಡು ಹುಡುಗರಿಗೆ ಯಾವ ಪಂಗಡವೂ ಬೇಕಿರಲಿಲ್ಲ. ಅವರಿಗೆ ಹೊಸ ಹೆಸರು ಸಿಕ್ಕಿತ್ತು. ಅವಳು ಅಂಗಳ ದಾಟಿದರೆ ಸಾಕು, ಹಿಂದಿನಿಂದ "ನಾಗವಲ್ಲಿ" ಎಂದು ಕೂಗಿ ಆ ತೆಲುಗು ಹಾಡಿನ ಧಾಟಿ ಗುನುಗುತ್ತಿದ್ದರು.

ಕೊನೆಗೆ ಅವಳ ತಾಯಿಯೂ ನಾನೂ ಅವಳನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆವು. ನಮ್ಮ ಭಾಗದಲ್ಲಿ 'ಧಾರವಾಡಕ್ಕೆ ಕಳಿಸಬೇಕು' ಎನ್ನುವುದೇ ಒಂದು ಬೈಗುಳ. ಊರಿನಲ್ಲಿ ಹೇಳದೆ, ಸಂಬಂಧಿಕರ ಮನೆಗೆ ಹೋಗುತ್ತೇವೆಂದು ಹೊರಟೆವು. ಅಲ್ಲಿದ್ದ ಡಾಕ್ಟರ್ ಬಾಯಿ ಮಾಡಿದ್ದು ಇಷ್ಟೇ: ನಮ್ಮಿಬ್ಬರನ್ನೂ ಹೊರಗೆ ಕೂಡಿಸಿ, ಹುಡುಗಿಯ ಜೊತೆ ಒಂದು ತಾಸು ಮಾತಾಡಿದರು. ಆಮೇಲೆ ತಾಯಿಗೆ, "ಇದು ಸೋಗಲ್ಲ. ಸೋಗು ಹಾಕಿದವರಿಗೆ ಸೋಗು ಅಂತ ಗೊತ್ತಿರ್ತೈತಿ. ಈಕಿಗೆ ಗೊತ್ತಿಲ್ಲ. ಬಾಯಿ ಬಿಟ್ಟು ಹೇಳಾಕ ಆಗದ್ದನ್ನ ಮೈ ಹೇಳಾಕತ್ತೈತಿ" ಎಂದರು.

ಆ ಮಾತು ಕೇಳಿದ ಮೇಲೆ 'ಆಪ್ತಮಿತ್ರ'ದ ಒಂದು ದೃಶ್ಯ ನನಗೆ ಬೇರೆಯಾಗಿಯೇ ಕಾಣುತ್ತದೆ. ಗಂಗಾ ಸಿಂಗರಿಸಿಕೊಂಡು ಪೇಟೆಗೆ ಹೊರಡುತ್ತಾಳೆ. ವೈದ್ಯನ ಸೂಚನೆಯಂತೆ ಗಂಡ, ಹೋಗಬೇಡ ಎನ್ನುತ್ತಾನೆ. ಆಗ ಅವಳ ಕಣ್ಣು ಬದಲಾಗಿ, ದನಿ ಬದಲಾಗಿ, ನಾಗವಲ್ಲಿ ಎದ್ದು ಬರುತ್ತಾಳೆ. ಸೌಂದರ್ಯ ಇಲ್ಲಿ ಮಾಡಿದ ನಟನೆಗೆ ಎಣೆಯಿಲ್ಲ. ಆದರೆ ಚಿತ್ರ ಇದನ್ನು ರೋಗ ಪತ್ತೆಯ ಜಾಣತನವಾಗಿ ಮಾತ್ರ ನೋಡುತ್ತದೆ. ನಾಗವಲ್ಲಿಯನ್ನು ಎಬ್ಬಿಸಿದ್ದು ಒಂದು 'ಬೇಡ' ಎಂಬುದರ ಮೇಲೆ ಅದು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಗಂಗೆಗೆ ಹಿಂದೆ ಯಾರು ಯಾರು ಬೇಡ ಎಂದಿದ್ದರು, ಅವಳು ಏನನ್ನು ನುಂಗಿಕೊಂಡಿದ್ದಳು? ಇದೇ ಕತೆಯ ಮೂಲವಾದ 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'ದಲ್ಲಿ, ಚಿಕ್ಕಂದಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟುಹೋದ ತಂದೆತಾಯಿ, ಆ ಎಳೆಯ ಮನಸ್ಸಿಗಾದ ಏಟು ಇವಕ್ಕೆ ತಕ್ಕ ಜಾಗವಿದೆ. ಕನ್ನಡಕ್ಕೆ ಬರುವಾಗ ನಾಗವಲ್ಲಿಯ ಗೆಜ್ಜೆಯ ಸದ್ದು ದೊಡ್ಡದಾಗಿ, ಗಂಗೆಯ ಬಾಲ್ಯದ ದನಿ ಕೇಳದಂತಾಯಿತು.

ಚಿಕಿತ್ಸೆಯಂತೂ ಇನ್ನೂ ವಿಚಿತ್ರ. ರಾಜನೆಂದು ನಂಬಿಸಿ ಒಂದು ಬೊಂಬೆಯನ್ನು ಮುಂದಿಟ್ಟು ನಾಗವಲ್ಲಿ ಸೇಡು ತೀರಿಸಿಕೊಳ್ಳುವಂತೆ ಮಾಡಿದರೆ ಎಲ್ಲ ಮುಗಿಯಿತು. ಇದು ವೈದ್ಯವೂ ಅಲ್ಲ, ಮಾಂತ್ರಿಕವೂ ಅಲ್ಲ. ವೈದ್ಯನ ಕೋಟು ತೊಟ್ಟ ಮಾಂತ್ರಿಕ. ಅವಳ ಕಾಯಿಲೆಯ ಮಾತನ್ನು ಡಾಕ್ಟರು ಗಂಡನಿಗೆ ಹೇಳುತ್ತಾನೆ, ಆಚಾರ್ಯರಿಗೆ ಹೇಳುತ್ತಾನೆ, ಗಂಗೆಗೆ ಹೇಳುವುದಿಲ್ಲ. ನಿಜವಾದ ಚಿಕಿತ್ಸೆಯಲ್ಲಿ ಮೊದಲ ಕೆಲಸ ಅವಳಿಗೆ ಭಯವಿಲ್ಲದ ನೆಲೆ ಒದಗಿಸುವುದು. ಆಮೇಲೆ ಅವಳ ವೇಗದಲ್ಲೇ, ಮುಚ್ಚಿದ ಬಾಗಿಲನ್ನು ಅವಳ ಕೈಯಿಂದಲೇ ತೆಗೆಸುವುದು. ತಿಂಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಇದನ್ನು ಮರೆಸಿಬಿಡುವ ಗುಳಿಗೆ ಇಲ್ಲ. ಗುಳಿಗೆ ಕೊಟ್ಟರೆ ಜೊತೆಗಿರುವ ನಿದ್ರೆಗೇಡಿಗೆ, ಖಿನ್ನತೆಗೆ. ಅಷ್ಟನ್ನೆಲ್ಲ ತೋರಿಸಿದರೆ ಯಾರು ನೋಡುತ್ತಾರೆ ಎಂಬುದು ನ್ಯಾಯವಾದ ಮಾತೇ. ಆದರೆ ರೋಗಿಗೆ ಅವಳ ರೋಗದ ವಿಷಯ ಹೇಳುವ ಒಂದು ದೃಶ್ಯಕ್ಕೆ ಎಷ್ಟು ರೀಲು ಬೇಕಾಗುತ್ತಿತ್ತು?

ಮರೆವಿನ ಕತೆ ನಮಗೆ ಕಾಳಿದಾಸನ ಕಾಲದಿಂದಲೂ ಇದೆ. ಮಹಾಭಾರತದ ದುಷ್ಯಂತನಿಗೆ ಶಾಪವೂ ಇಲ್ಲ, ಉಂಗುರವೂ ಇಲ್ಲ. ಎಲ್ಲ ನೆನಪಿದ್ದೂ, ಜನ ಏನನ್ನುವರೋ ಎಂದು ಗೊತ್ತಿಲ್ಲದವನಂತೆ ನಡೆದುಕೊಳ್ಳುತ್ತಾನೆ. ಕಾಳಿದಾಸ ದೂರ್ವಾಸನ ಶಾಪ ತಂದು ಅವನನ್ನು ನಿಜವಾಗಿ ಮರೆಯುವವನನ್ನಾಗಿ ಮಾಡಿದ. ಚುರಮುರಿ ಶೇಷಗಿರಿರಾಯರು 19ನೆಯ ಶತಮಾನದಲ್ಲೇ ಈ ನಾಟಕವನ್ನು ನಮ್ಮ ಕಡೆಯ ಕನ್ನಡಕ್ಕೆ ತಂದರು. ನಾನು ಹತ್ತನೇ ಇಯತ್ತೆಗೆ ಈ ಕತೆ ಹೇಳುವಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತೇನೆ: ನೆನಪು ಮರಳಿದ ಮೇಲೆ ದುಷ್ಯಂತನನ್ನು ಯಾರಾದರೂ ಹಂಗಿಸಿದರೇ? ಇಲ್ಲ. ರಾಜನ ಮರೆವಿಗೆ ಋಷಿಯೊಬ್ಬನ ಶಾಪ ಜಾಮೀನು ನಿಂತಿತು. ರಾಜ್ಯ ಹಾಗೇ ಇತ್ತು, ಸಿಂಹಾಸನ ಹಾಗೇ ಇತ್ತು.

ನಮ್ಮ ಹುಡುಗಿಗೆ ಅಂಥ ಜಾಮೀನು ಸಿಗಲಿಲ್ಲ. ಧಾರವಾಡಕ್ಕೆ ಆರೇಳು ಸಲ ಹೋಗಿಬಂದಳು. ಮಗಳು 'ಒಲ್ಲೆ' ಎಂದಾಗ ಕೇಳದ ಅಪ್ಪ, ಮಾಯಕ್ಕ 'ಮೂರು ಜಾತ್ರೆ' ಎಂದದ್ದಕ್ಕೆ ತಲೆಬಾಗಿ ಮದುವೆ ಮುಂದೂಡಿದ. ಬರಬರುತ್ತ ಸೆಳೆತ ನಿಂತವು, ಎಸ್ಸೆಸ್ಸೆಲ್ಸಿ ಪಾಸಾದಳು. ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ ಮುಂದೆ ಬಂದ ಗಂಡುಗಳೆಲ್ಲ ಊರ ಬಾಗಿಲಿನಲ್ಲೇ ಹೊರಳಿ ಹೋದವು, "ಮೈಯಾಗ ಬರತೈತಂತ" ಎಂಬ ಒಂದು ಮಾತಿಗೆ. ಕೆಲವು ವರ್ಷಗಳ ಮೇಲೆ ಸಂತೆಯಲ್ಲಿ ಸಿಕ್ಕಾಗ ಅವಳು ನನಗೆ ಹೇಳಿದ್ದು: "ಅಕ್ಕೋರ, ಆ ದಿನದ್ದು ನನಗ ಒಂದೂ ನೆನಪಿಲ್ರಿ. ಊರಾಗ ಎಲ್ಲಾರಿಗೂ ನೆನಪೈತಿ."

'ಆಪ್ತಮಿತ್ರ'ದ ಕೊನೆಯಲ್ಲಿ ಗಂಗಾ ಎಚ್ಚರಗೊಳ್ಳುತ್ತಾಳೆ. ಅವಳಿಗೆ ಏನೂ ನೆನಪಿಲ್ಲ. ಮನೆ ತುಂಬ ಇರುವ ಜನಕ್ಕೆ ಎಲ್ಲ ನೆನಪಿದೆ. ಅವಳು ಗಂಡನನ್ನು ಕೊಲ್ಲಲು ಹೊರಟದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಮರುದಿನ ಅವಳು ಚಹಾ ತಂದುಕೊಟ್ಟರೆ ಆ ಮನೆಯವರು ಹೇಗೆ ಕುಡಿದರು? ಗಂಡ ರಾತ್ರಿ ಬಾಗಿಲಿನ ಚಿಲಕ ಒಳಗಿನಿಂದ ಹಾಕಿದನೋ ಇಲ್ಲವೋ? ಚಿತ್ರ ಅದಕ್ಕೆ ಮೊದಲೇ ಪರದೆ ಎಳೆಯಿತು. 2010ರಲ್ಲಿ 'ಆಪ್ತರಕ್ಷಕ' ಎಂದು ಇನ್ನೊಂದು ಬಂತು. ಅಲ್ಲಿ ಮರಳಿ ಬಂದದ್ದು ನಾಗವಲ್ಲಿ, ಗಂಗೆಯಲ್ಲ. ನಾಗವಲ್ಲಿಗೆ ಮಾರುಕಟ್ಟೆ ಇತ್ತು.

ಇವಕ್ಕೆಲ್ಲ ನಾಲ್ಕು ದಶಕ ಮೊದಲೇ ಮರುದಿನದ ಕತೆಯನ್ನು ಬರೆದವರು ತ್ರಿವೇಣಿ. ಮನಶ್ಶಾಸ್ತ್ರ ಓದಿ, 1963ರಲ್ಲಿ ಮೂವತ್ತೈದೂ ತುಂಬುವ ಮೊದಲೇ ತೀರಿಕೊಂಡ ಆ ಲೇಖಕಿಯ 'ಶರಪಂಜರ'ದ ಕಾವೇರಿಗೆ ಇದ್ದ ಕಾಯಿಲೆ ಬೇರೆ, ಬಾಣಂತನದಲ್ಲಿ ಬಂದ ಚಿತ್ತವಿಕಾರ. ಆದರೆ ತ್ರಿವೇಣಿಯವರ ಕಣ್ಣು ಕಾಯಿಲೆಯ ಮೇಲಿಲ್ಲ. ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳಲ್ಲ, ಅಲ್ಲಿಂದ ಅವರ ನಿಜವಾದ ಕತೆ. ಹುಚ್ಚಿನಲ್ಲಿ ಅವಳು ಆಡಿದ ಮಾತು ಅವಳಿಗಿಂತ ಚೆನ್ನಾಗಿ ಗಂಡನಿಗೆ ನೆನಪಿದೆ. ನೆರೆಯವರು, ಕೆಲಸದವರು ಅವಳ ಒಂದೊಂದು ನಗೆಯನ್ನೂ ಅಳೆದು ನೋಡುತ್ತಾರೆ. ಅವಳು ಸಿಟ್ಟಾಗುವಂತಿಲ್ಲ, ಹೂ ಮುಡಿಯುವಂತಿಲ್ಲ, ಎಲ್ಲವೂ ರೋಗಲಕ್ಷಣ. ಪುಟ್ಟಣ್ಣ ಕಣಗಾಲ್ ಅದನ್ನು ಚಿತ್ರ ಮಾಡಿದಾಗ ಕಲ್ಪನಾ ಅವರ ಅಬ್ಬರದ ಅಭಿನಯವನ್ನೇ ಜನ ಹೆಚ್ಚು ನೆನಪಿಟ್ಟುಕೊಂಡರು. ನನಗೆ ಕಾದಂಬರಿಯ ಕಾವೇರಿ, ದನಿ ಎತ್ತದ ಕಾವೇರಿ, ಹೆಚ್ಚು ಹತ್ತಿರ. 'ಆಪ್ತಮಿತ್ರ' ಮುಗಿಯುವ ಜಾಗದಲ್ಲಿ 'ಶರಪಂಜರ' ಶುರುವಾಗುತ್ತದೆ ಎಂದರೆ, ಎರಡನ್ನೂ ಬಲ್ಲವರು ಒಪ್ಪುತ್ತಾರೆಂದು ನಂಬಿದ್ದೇನೆ.

ಕಾಲ ಸ್ವಲ್ಪ ಬದಲಾಗಿದೆ. ಧಾರವಾಡದ ಆ ಆಸ್ಪತ್ರೆ ಈಗ ಡಿಮ್ಹಾನ್ಸ್. 2022ರ ಅಕ್ಟೋಬರಿನಿಂದ 14416 ಎಂಬ ನಂಬರಿಗೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಟೆಲಿ ಮಾನಸ್ ಎನ್ನುತ್ತಾರೆ, ದುಡ್ಡಿಲ್ಲ, ಹೆಸರು ಹೇಳಲೇಬೇಕೆಂದಿಲ್ಲ. ನಮ್ಮ ಶಾಲೆಯ ಹೆಣ್ಣುಮಕ್ಕಳ ಕೋಣೆಯ ಗೋಡೆಯ ಮೇಲೆ ಆ ಐದು ಅಂಕಿಗಳನ್ನು ನಾನೇ ಬರೆದಿದ್ದೇನೆ. ಗ್ರಂಥಾಲಯದ 'ಶರಪಂಜರ'ಕ್ಕೆ ಎರಡು ಸಲ ರಟ್ಟು ಕಟ್ಟಿಸಿದ್ದಾಗಿದೆ. ಓದಿದ ಹುಡುಗಿಯರು ಬಂದು ಕಾವೇರಿಯ ಗಂಡನನ್ನು ಬೈಯುತ್ತಾರೆ. ಬೈಯಿರಿ, ಆದರೆ ಆ ನೆರೆಮನೆಯವರು ಯಾರು ಎಂದೂ ಒಂದು ಸಲ ನೋಡಿ ಎನ್ನುತ್ತೇನೆ. ಕಳೆದ ವಾರ ಒಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಓಣ್ಯಾಗೂ ಒಬ್ಬಾಕಿ ಅದಾಳ್ರಿ ಅಕ್ಕೋರ, ನಾವು ಆಕಿ ಮನಿ ಮುಂದ ಹಾಯೂದಿಲ್ಲ" ಎಂದಳು.